ಹೊಸ್ತಿಲು ಮುಳುಗಿತು: ನಮ್ಮ ಅಡುಗೆಮನೆ ನವೀಕರಣಕ್ಕೆ ಐದಕ್ಕೆ ಮೂರು

ಮೈಸೂರಿನ ಕುವೆಂಪುನಗರದಲ್ಲಿ 1991ರಲ್ಲಿ ಕಟ್ಟಿಸಿದ ನಮ್ಮ ಮನೆಯ ಅಡುಗೆಮನೆಯನ್ನು ಹೊಸದು ಮಾಡಿಸಲು 2025ರ ಯುಗಾದಿಯ ನಂತರ ಒಂದು ನವೀಕರಣ ಸಂಸ್ಥೆಗೆ ಒಪ್ಪಿಸಿದೆ. ಮಾತಾಗಿದ್ದು 4,20,000 ರೂಪಾಯಿ, 45 ದಿನ. ಕೊಟ್ಟದ್ದು 8,60,000 ರೂಪಾಯಿ, ಹಿಡಿದದ್ದು 141 ದಿನ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದು, ನನ್ನ ಹೆಸರನ್ನೂ ಬರೆಯುತ್ತಿಲ್ಲವಾದ್ದರಿಂದ ಲೆಕ್ಕ ಸರಿಹೋಯಿತು.

ಲೆಕ್ಕವೇ ನನ್ನ ಕಸುಬು. ಲೋಕೋಪಯೋಗಿ ಇಲಾಖೆಯ ಲೆಕ್ಕಶಾಖೆಯಲ್ಲಿ 34 ವರ್ಷ ಕೂತು ಎದ್ದವನು ನಾನು. ಸೇತುವೆಯಾಗಲಿ, ಶಾಲೆಯ ಕೊಠಡಿಯಾಗಲಿ, ಅಂದಾಜುಪಟ್ಟಿಯಲ್ಲಿ ಇಲ್ಲದ ಕೆಲಸವೊಂದು ಬಿಲ್ಲಿನಲ್ಲಿ ತಲೆ ಹಾಕಿದರೆ ನನ್ನ ಕೆಂಪು ಪೆನ್ನು ತಾನಾಗಿಯೇ ಅಂಚಿಗೆ ಓಡುತ್ತಿತ್ತು: ‘ಪೂರ್ವಾನುಮತಿ ಇಲ್ಲದ ಹೆಚ್ಚುವರಿ ಕೆಲಸ. ದರ ಯಾವಾಗ ನಿಗದಿಯಾಯಿತು?’ ಗುತ್ತಿಗೆದಾರರು ನನ್ನನ್ನು ಹಿಂದಿನಿಂದ ಏನೆಂದು ಕರೆಯುತ್ತಿದ್ದರೆಂಬುದು ನನಗೆ ಗೊತ್ತಿದೆ, ಇಲ್ಲಿ ಬೇಡ. ಅಂಥವನು ಸ್ವಂತ ಮನೆಯಲ್ಲಿ ಏಳು ಹೆಚ್ಚುವರಿ ಕೆಲಸಗಳಿಗೆ ದರ ಬರೆಸಿಕೊಳ್ಳದೆ ‘ಹೂಂ’ ಎಂದಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕೆಲಸದ ಗುಣಮಟ್ಟದಲ್ಲಿ ಮೋಸವಿಲ್ಲ. ಹೇಳಿದ ಪ್ಲೈವುಡ್ಡನ್ನೇ ತಂದರು. ನೀರಿಗೆ ತಡೆಯುವ ಹಲಗೆಯ ಮೇಲಿರಬೇಕಾದ ಐ.ಎಸ್. 710 ಎಂಬ ಮುದ್ರೆಯನ್ನು ಕತ್ತರಿಸುವ ಮೊದಲೇ ನನಗೆ ತೋರಿಸಿದರು. ಗ್ರಾನೈಟಿನ ಅಂಚನ್ನು ಕೈಗೆ ತಗುಲದಂತೆ ದುಂಡಗೆ ಉಜ್ಜಿದ್ದಾರೆ. ಸಿಂಕಿನ ಸುತ್ತ ಇವತ್ತಿಗೂ ಒಂದು ಹನಿ ನೀರು ಕೆಳಗೆ ಇಳಿದಿಲ್ಲ. ಮೇಸ್ತ್ರಿಯಂತೂ ಅಪರೂಪದ ಮನುಷ್ಯ. ಮಟ್ಟಗೋಲು ಇಡುವ ಮೊದಲೇ ಗೋಡೆಯ ಓರೆಯನ್ನು ಕಣ್ಣಳತೆಯಲ್ಲಿ ಹೇಳಿ, ಆಮೇಲೆ ಮಟ್ಟಗೋಲಿಟ್ಟು ನಮಗೆ ತೋರಿಸುತ್ತಿದ್ದರು. ಪ್ರತಿ ಸಂಜೆ ಗುಡಿಸಿಯೇ ಹೋಗುತ್ತಿದ್ದರು. ಮೂರು ಅಂಕ ಇವರಿಗೆ.

ಕಳೆದ ಎರಡು ಅಂಕ, ಯಾವುದಕ್ಕೂ ‘ಇಲ್ಲ’ ಎನ್ನದ ಅವರ ಮಾಲೀಕರಿಗೆ. ‘ಆಗಲಿ ಸಾರ್, ಮಾಡಿಬಿಡೋಣ’ ಎನ್ನುವುದು ಅವರ ಉಸಿರು. ಎಷ್ಟಾಗುತ್ತದೆ ಎಂದರೆ ‘ನೋಡೋಣ ಸಾರ್, ನಿಮ್ಮ ಹತ್ತಿರ ಏನು ಲೆಕ್ಕ’. ನನ್ನ ಹತ್ತಿರ ಲೆಕ್ಕವಲ್ಲದೆ ಇನ್ನೇನಿದೆ ಎಂದು ಅಂದೇ ಕೇಳಬೇಕಿತ್ತು.

ದರಪಟ್ಟಿಯ ಒಂದೇ ಹಾಳೆಯಲ್ಲಿ ‘ಅಡುಗೆಮನೆ ನವೀಕರಣ, ಒಟ್ಟಾಗಿ’ ಎಂಬ ಒಂದು ಸಾಲು, ಅದರ ಮುಂದೆ ಮೊತ್ತ. ಏನು ಸೇರಿದೆ ಎಂಬುದು ಬಾಯಿಮಾತು: ಹಳೆಯ ಕಡಪ ಕಲ್ಲು ತೆಗೆದು ಗ್ರಾನೈಟ್, ಗೋಡೆಗೂ ನೆಲಕ್ಕೂ ಟೈಲ್ಸ್, ಕೆಳಗೂ ಮೇಲೂ ಕಪಾಟು, ಹೊಸ ಸಿಂಕು, ಬಣ್ಣ. ಏನು ಸೇರಿಲ್ಲ ಎಂಬುದು ಎಲ್ಲಿಯೂ ಇಲ್ಲ. ಕಚೇರಿಯಲ್ಲಿ ಇಂಥ ಹಾಳೆ ಬಂದಿದ್ದರೆ ನಾನು ಅದನ್ನು ಕಡತಕ್ಕೆ ಪೋಣಿಸಲೂ ಬಿಡುತ್ತಿರಲಿಲ್ಲ.

ಎಲ್ಲಕ್ಕೂ ಮೊದಲು ಹೋದದ್ದು ಗೋಡೆ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆದರೆ ಬೆಳಕು ಬರುತ್ತದೆ ಎಂದು ನನ್ನ ಹೆಂಡತಿ ಹನ್ನೆರಡನೆಯ ದಿನ ಹೇಳಿದಳು. ಮಾಲೀಕರು ‘ಆಗಲಿ ಅಮ್ಮಾ’ ಎಂದರು. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಒಂದು ಚೌಕ ಬರೆದರು, ಎಲ್ಲರಿಗೂ ಸಂತೋಷವಾಯಿತು. ಸುಮ್ಮನೆ ನಿಂತಿದ್ದವರು ಮೇಸ್ತ್ರಿ ಒಬ್ಬರೇ. ಮಾಲೀಕರ ಕಾರು ತಿರುವು ದಾಟಿದ ಮೇಲೆ ಗೋಡೆಯನ್ನು ಬೆರಳಿನಿಂದ ತಟ್ಟಿ, ‘ಯಜಮಾನರೇ, ಇದು ಒಂಬತ್ತು ಅಂಗುಲದ ಗೋಡೆ. ನಿಮ್ಮ ಮನೆಗೆ ಕಂಬವಿಲ್ಲ. ತಾರಸಿ ಕೂತಿರುವುದು ಇದರ ಮೇಲೆ’ ಎಂದರು.

ಆಮೇಲೆ ಎಂಜಿನಿಯರು ಬಂದು ನೋಡಿ, ಪೂರ್ತಿ ತೆಗೆಯುವಂತಿಲ್ಲ, ಐದು ಅಡಿ ಬಿಡಿಸಿಕೊಂಡು ಮೇಲೆ ಕಾಂಕ್ರೀಟು ತೊಲೆ ಕೊಡಬೇಕು ಎಂದರು. ಸೂರಿಗೆ ಜಾಕಿ ಕೊಟ್ಟು, ಗೋಡೆ ಕೊರೆದು, ಕಬ್ಬಿಣ ಕಟ್ಟಿ, ತೊಲೆ ಹಾಕಿದರು. ಹಾಕಿದ ತೊಲೆಯ ಕೆಳಗಿನ ಆಧಾರವನ್ನು 14 ದಿನ ಮುಟ್ಟುವಂತಿಲ್ಲ. ಆ ಹದಿನಾಲ್ಕು ದಿನ ಅಡುಗೆಮನೆಯ ನಟ್ಟನಡುವೆ ಜಾಕಿಗಳ ಕಾಡು. ಬಡಗಿಗೆ ಕೆಲಸವಿಲ್ಲ, ಟೈಲ್ಸಿನವನಿಗೆ ಕೆಲಸವಿಲ್ಲ. ಸುಮ್ಮನೆ ಕೂರಲು ಅವರಿಗೇನು ಕರ್ಮ, ಇಬ್ಬರೂ ಬೇರೆ ಮನೆಯ ಕೆಲಸಕ್ಕೆ ಹೋದರು. ಜಾಕಿ ಬಿಚ್ಚಿದ ದಿನ ಬರಲಿಲ್ಲ, ಅಲ್ಲಿನದು ಮುಗಿದ ಮೇಲೆ ಬಂದರು. ಹೆಚ್ಚುವರಿ ಕೆಲಸಕ್ಕೆ ಹಿಡಿದದ್ದು ಮೂರು ವಾರವಾದರೆ, ಅದರ ಹಿಂದೆ ಕಾಯ್ದದ್ದು ಇನ್ನೆರಡು ವಾರ. ಕಾಯುವ ದಿನಗಳಿಗೆ ಯಾವ ಬಿಲ್ಲಿನಲ್ಲೂ ಸಾಲಿರುವುದಿಲ್ಲ. ನಾವು ಮಾತ್ರ ಕಾರಿನ ಶೆಡ್ಡಿನಲ್ಲಿ ಇಂಡಕ್ಷನ್ ಒಲೆಯ ಮೇಲೆ ಅನ್ನ ಬೇಯಿಸಿಕೊಂಡಿದ್ದೆವು.

ಗೋಡೆ ತೆರೆದ ಮೇಲೆ ಬೆಳಕು ಬಂದದ್ದು ನಿಜ. ಆ ಬೆಳಕಿನಲ್ಲಿ ಊಟದ ಕೋಣೆಯ ಹಳೆಯ ಮೊಸಾಯಿಕ್ ನೆಲ ಕಾಣಿಸಿತು. ಈಚೆ ಹೊಳೆಯುವ ಬಿಳಿ ಟೈಲ್ಸು, ಆಚೆ ಮೂವತ್ತನಾಲ್ಕು ವರ್ಷ ತುಳಿದ ಚುಕ್ಕಿನೆಲ. ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ನೆಲ ಒಮ್ಮೆಲೇ ಕೊಳಕಾಗಿಬಿಟ್ಟಿತು. ‘ಅದಕ್ಕೂ ಹಾಕಿಬಿಡೋಣ ಸಾರ್.’ ಹಾಕಿದರು. ಮೊಸಾಯಿಕ್ ಒಡೆದರೆ ಖರ್ಚು ಹೆಚ್ಚು ಎಂದು ಅದರ ಮೇಲೆಯೇ ಗಾರೆ ಹರಡಿ ಹಾಕಿದರು. ನೆಲ ಒಂದೂಕಾಲು ಅಂಗುಲ ಎದ್ದಿತು. ಮೂರು ಬಾಗಿಲುಗಳು ತೆರೆಯಲಿಲ್ಲ. ಬಿಚ್ಚಿ, ಕೆಳಗೆ ಕೊಯ್ದು, ಮತ್ತೆ ಕೂರಿಸಿದರು.

ದೇವರಮನೆಯ ಹೊಸ್ತಿಲನ್ನು ಕೊಯ್ಯುವಂತಿರಲಿಲ್ಲ. ನೆಲದಿಂದ ಒಂದೂವರೆ ಅಂಗುಲ ಎತ್ತರವಿದ್ದ ತೇಗದ ಹೊಸ್ತಿಲು ಅದು. ಈಗ ಉಳಿದದ್ದು ಕಾಲು ಅಂಗುಲ, ಕೆಸರಿನಲ್ಲಿ ಹೂತ ಹಲಗೆಯ ಹಾಗೆ. ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಅರಿಶಿನ ಕಲಸಿದ ಬಟ್ಟಲು ಹಿಡಿದು ಅದರ ಮುಂದೆ ಕೂತಳು. ಹೊಸ್ತಿಲ ಮುಖಕ್ಕೆ ಅರಿಶಿನ ಹಚ್ಚಿ, ಎರಡು ಗೆರೆ ರಂಗೋಲಿ ಎಳೆದು, ಕುಂಕುಮವಿಡುವುದು ಅವಳು ಈ ಮನೆಗೆ ಬಂದ ದಿನದಿಂದ ಮಾಡಿದ ಕೆಲಸ. ಹಚ್ಚಲು ಮುಖವೇ ಇರಲಿಲ್ಲ. ಬೆರಳು ಎರಡು ಸಲ ಹೊಸ ಟೈಲ್ಸಿನ ಮೇಲೆ ಜಾರಿತು. ಬಟ್ಟಲನ್ನು ಅಲ್ಲಿಯೇ ಇಟ್ಟು ಎದ್ದುಹೋದಳು. ಗೋಡೆ ತೆಗೆಸಬೇಕೆಂದವಳು ತಾನೇ ಎಂಬುದು ಅವಳಿಗೂ ನೆನಪಿತ್ತು, ನಾನು ನೆನಪಿಸಲಿಲ್ಲ. ಮಾರನೆಯ ವಾರ ಚೌಕಟ್ಟು ಸಮೇತ ಹೊಸ್ತಿಲನ್ನು ಕಿತ್ತು ಎತ್ತರಿಸಿದರು. ಬಾಗಿಲು, ಹೊಸ್ತಿಲು ಎರಡಕ್ಕೂ ಸೇರಿ 41,000 ರೂಪಾಯಿ.

ಇಲಿಯ ಕಾಟಕ್ಕೆ ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕಥೆಯನ್ನು ನಮ್ಮಜ್ಜಿ ನಗುತ್ತಾ ಹೇಳುತ್ತಿದ್ದರು. ಆ ಸನ್ಯಾಸಿ ಎಲ್ಲಿಯೂ ತಪ್ಪು ಲೆಕ್ಕ ಹಾಕಿರಲಿಲ್ಲ ಎಂಬುದು ನನಗೆ ಈಗ ಹೊಳೆಯಿತು. ಒಂದೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಗೆ ನ್ಯಾಯವಾದದ್ದೇ.

ಸಿಡ್ನಿಯಲ್ಲಿರುವ ಮಗಳು ಪಾತ್ರೆ ತೊಳೆಯುವ ಯಂತ್ರ ಇಡಲೇಬೇಕೆಂದು ವಿಡಿಯೋ ಕರೆಯಲ್ಲಿ ಹೇಳಿದಾಗ ಗೋಡೆಯ ಟೈಲ್ಸ್ ಮುಗಿದಿತ್ತು. ಯಂತ್ರಕ್ಕೆ ನೀರಿನ ಕೊಳವೆ, ಹೊರಹೋಗುವ ಕೊಳವೆ, 16 ಆಂಪಿಯರಿನ ಪ್ಲಗ್ಗು, ಅದಕ್ಕೆ ದಪ್ಪ ತಂತಿ ಬೇಕು. ಎಲ್ಲವೂ ಗೋಡೆಯ ಒಳಗೆ ಹೋಗಬೇಕಾದವು. ಹನ್ನೊಂದು ಟೈಲ್ಸ್ ಒಡೆದರು. ಅಂಗಡಿಯಲ್ಲಿ ಅದೇ ಟೈಲ್ಸ್ ಸಿಕ್ಕಿತು, ಆದರೆ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಬೇರೆ. ಬ್ಯಾಚ್ ಬೇರೆಯಾದರೆ ಬಣ್ಣ ಕೂದಲೆಳೆಯಷ್ಟು ಬೇರೆ. ಬಂದವರಿಗೆ ಗೊತ್ತಾಗುವುದಿಲ್ಲ. ಸಂಜೆ ನಾಲ್ಕೂವರೆಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದಾಗ ನನಗೆ ಹನ್ನೊಂದೂ ಎಣಿಸಲು ಬರುತ್ತವೆ. ಇದನ್ನೇ ಟೈಲ್ಸ್ ಹಾಕುವ ಮೊದಲು ಹೇಳಿದ್ದರೆ ತಂತಿ, ಕೊಳವೆಯ ಬೆಲೆ ಮಾತ್ರ. ಮೇಲಾಗಿ ಯಂತ್ರವನ್ನು ನಾವು ಇನ್ನೂ ಕೊಂಡಿಲ್ಲ.

ಮಾಲೀಕರು ತಾವಾಗಿಯೇ ಮಾಡಿದ್ದೂ ಒಂದಿದೆ. ಒಂದು ದಿನ ನಾವು ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಸೂರಿನ ಕೆಳಗೆ ಅಲಂಕಾರದ ಇನ್ನೊಂದು ಸೂರು, ಅದರಂಚಿಗೆ ಸಾಲುದೀಪ. ‘ನಿಮಗೆಂದು ಪುಕ್ಕಟೆಯಾಗಿ ಸಾರ್, ನಮ್ಮ ಕಡೆಯಿಂದ.’ ಹೊಗೆ ಹೊರಹಾಕುವ ಫ್ಯಾನಿನ ಅರ್ಧ ಅದರ ಹಿಂದೆ ಅಡಗಿತ್ತು. ಅದನ್ನು ಸರಿಪಡಿಸಲು ಮತ್ತೆ ಕೊರೆದರು. ಕೊನೆಯ ಬಿಲ್ಲಿನಲ್ಲಿ ಪುಕ್ಕಟೆಯ ಸೂರಿಗೆ ಕೂಲಿ 18,000 ರೂಪಾಯಿ. ಕೇಳದೆ ಕೊಟ್ಟದ್ದಕ್ಕೂ ಬೆಲೆ ಕಟ್ಟುವವರು ಇರುತ್ತಾರೆಂದು ಕಡತಗಳಲ್ಲಿ ಓದಿದ್ದೆ. ಎತ್ತರದ ಕಪಾಟು, ಹಿಂದಿನ ಅಂಗಳದ ಜಾಲರಿ, ಇವನ್ನು ವಿವರಿಸಲು ನನಗೆ ನಾಚಿಕೆ. ಎರಡೂ ನನ್ನವೇ ಆಸೆಗಳು.

ಜುಲೈಯಲ್ಲಿ ಮಗಳು, ಅಳಿಯ, ಮೊಮ್ಮಗ ಬಂದರು. ಮೇ ತಿಂಗಳಿಗೆ ಮುಗಿಯಬೇಕಿದ್ದ ಮನೆಯಲ್ಲಿ ಸಿಮೆಂಟಿನ ಮೂಟೆಗಳ ನಡುವೆ ಅವರಿಗೆ ಉಪ್ಪಿಟ್ಟು ಬಡಿಸಿದೆವು. ಅಳಿಯ ಸಾಫ್ಟ್‌ವೇರ್ ಯೋಜನೆಗಳನ್ನು ನೋಡಿಕೊಳ್ಳುವವರು. ‘ಮಾವ, ಇದಕ್ಕೆ ನಮ್ಮಲ್ಲಿ ಸ್ಕೋಪ್ ಕ್ರೀಪ್ ಎನ್ನುತ್ತಾರೆ. ಕೆಲಸದ ಎಲ್ಲೆ ಸದ್ದಿಲ್ಲದೆ ತೆವಳಿಕೊಂಡು ಮುಂದೆ ಹೋಗುವುದು’ ಎಂದರು. ನನಗೆ ಸಮಾಧಾನವಾಗಲೆಂದೋ ಏನೋ, ನಾವು ಸಿಡ್ನಿಗೆ ಹೋಗಿದ್ದಾಗ ಸುತ್ತಿ ನೋಡಿದ ಒಪೆರಾ ಹೌಸ್ ಎಂಬ ರಂಗಮಂದಿರವನ್ನು ನೆನಪಿಸಿದರು. ನಕ್ಷೆ ಪೂರ್ತಿ ಸಿದ್ಧವಾಗುವ ಮೊದಲೇ 1959ರಲ್ಲಿ ಅದರ ಕೆಲಸ ಶುರುವಾಯಿತು. ಆಸ್ಟ್ರೇಲಿಯದ 70 ಲಕ್ಷ ಡಾಲರಿನಲ್ಲಿ 1963ಕ್ಕೆ ಮುಗಿಯಬೇಕಿದ್ದದ್ದು 10 ಕೋಟಿ 20 ಲಕ್ಷ ಡಾಲರು ನುಂಗಿ 1973ರಲ್ಲಿ ತೆರೆಯಿತು. ದೊಡ್ಡ ಸಭಾಂಗಣದಲ್ಲಿ ಒಪೆರಾ ಎಂಬ ಗೀತನಾಟಕ ಬೇಡ, ಸಂಗೀತ ಕಛೇರಿ ಮಾತ್ರ ಸಾಕು ಎಂದು ನಡುವಿನಲ್ಲಿ ತೀರ್ಮಾನ ಬದಲಾಗಿ, ಆಗಲೇ ಜೋಡಿಸಿದ್ದ ರಂಗಯಂತ್ರಗಳನ್ನು ಕಿತ್ತು ಹಾಕಿದರು. ನಾನು ಅಳಿಯನಿಗೆ ಹೇಳಿದೆ: ಅದನ್ನು ನೋಡಲು ಜಗತ್ತೇ ಬರುತ್ತದೆ, ನಮ್ಮ ಅಡುಗೆಮನೆಗೆ ಗ್ಯಾಸ್ ಸಿಲಿಂಡರಿನವನು ಬಿಟ್ಟರೆ ಇನ್ನು ಯಾರು ಬರಬೇಕು?

ಗೌರಿಹಬ್ಬದ ದಿನ ಕೆಲಸ ಮುಗಿಯಿತು. ಬಿಲ್ಲು ಬಂತು. ಏಳು ಹೆಚ್ಚುವರಿಗಳೂ ಒಂದೇ ಪುಟದಲ್ಲಿ, ಒಟ್ಟು 4,68,000. ಮೂಲ ಕೆಲಸಕ್ಕಿಂತ ಬಾಲವೇ ಉದ್ದ. ಜಗಳವಾಡಲು ಅಳತೆಯ ಟೇಪು, ಕನ್ನಡಕ, ಹಳೆಯ ದರಪಟ್ಟಿ ಎಲ್ಲ ಹಿಡಿದುಕೊಂಡು ಕೂತಿದ್ದೆ. ಮಾಲೀಕರು ಮಾತಾಡದೆ ಮೊಬೈಲನ್ನು ನನ್ನತ್ತ ತಿರುಗಿಸಿದರು. ವಾಟ್ಸ್ಆ್ಯಪಿನಲ್ಲಿ ಅವರ ಪ್ರಶ್ನೆಗಳು, ಕೆಳಗೆ ನನ್ನ ಉತ್ತರಗಳು: ‘ಓಕೆ’, ‘ಆಗಲಿ’, ಎತ್ತಿದ ಹೆಬ್ಬೆರಳು, ಮತ್ತೊಂದು ಹೆಬ್ಬೆರಳು. ಗೋಡೆಗೆ ಒಪ್ಪಿಗೆ ಕೊಟ್ಟದ್ದು ನಗರ ಬಸ್ಸಿನಲ್ಲಿ ನಿಂತುಕೊಂಡು. ಒಂದರಲ್ಲಿಯೂ ದರವಿಲ್ಲ, ದಿನವಿಲ್ಲ. ಅವರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. 28,000 ರೂಪಾಯಿ ಬಿಟ್ಟರು. ಚೆಕ್ಕು ಬರೆದೆ.

ಇಷ್ಟಾದ ಮೇಲೂ ನವೆಂಬರಿನಲ್ಲಿ ಬಚ್ಚಲುಮನೆಯ ಕೆಲಸವನ್ನು ಇವರಿಗೇ ಕೊಟ್ಟೆ. ನೆಂಟರೆಲ್ಲ ಬೈದರು. ಮೇಸ್ತ್ರಿಯಂಥ ಕೈ ಇನ್ನೆಲ್ಲಿ ಹುಡುಕಲಿ? ಈ ಸಲ ಎರಡು ಷರತ್ತು ಹಾಕಿದೆ. ದರಪಟ್ಟಿಯಲ್ಲಿ ಏನು ಸೇರಿಲ್ಲ ಎಂಬುದಕ್ಕೂ ಒಂದು ಪುಟ ಬೇಕು. ಇನ್ನೊಂದು, ಇಪ್ಪತ್ತು ರೂಪಾಯಿಯ ಗೆರೆ ಹಾಕಿದ ನೋಟ್‌ಬುಕ್ಕು, ಬಚ್ಚಲ ಬಾಗಿಲಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದು. ಯಾರಿಗೆ ಏನು ಹೊಸದಾಗಿ ಹೊಳೆದರೂ ಅದರಲ್ಲಿ ಬರೆಯಬೇಕು. ಮುಂದೆ ದರ, ಎಷ್ಟು ದಿನ ಹೆಚ್ಚು, ಇಬ್ಬರ ರುಜು. ರುಜು ಬೀಳದೆ ಸುತ್ತಿಗೆ ಎತ್ತುವಂತಿಲ್ಲ. ಮಾಲೀಕರು ‘ಇದೇನು ಸಾರ್, ಕಚೇರಿ ಮಾಡಿಬಿಟ್ಟಿರಿ’ ಎಂದರು. ಹೌದು ಎಂದೆ.

1,35,000 ರೂಪಾಯಿಯ ಕೆಲಸ 1,41,500ಕ್ಕೆ ಮುಗಿಯಿತು, ನಾಲ್ಕು ದಿನ ತಡವಾಗಿ. ಹೆಚ್ಚಿದ ಹಣ ಗೀಸರಿನ ತಂತಿ ಬದಲಿಸಿದ್ದಕ್ಕೆ. ಹಳೆಯ ತಂತಿ ಸುಟ್ಟು ಕಪ್ಪಾಗಿದ್ದದ್ದು ಗೋಡೆ ಬಿಚ್ಚಿದ ಮೇಲೆ ಕಂಡದ್ದು, ಅದು ನ್ಯಾಯವೇ. ಈ ಕೆಲಸಕ್ಕೆ ನಾಲ್ಕು ಅಂಕ ಕೊಡಬಹುದು. ಅಡುಗೆಮನೆಯದು ಮೂರರಲ್ಲಿಯೇ ಇರಲಿ.

ನೋಟ್‌ಬುಕ್ಕಿನಲ್ಲಿ ಇನ್ನೂ ಒಂದು ನಮೂದು ಇದೆ. ಕೊನೆಯ ವಾರ ನನ್ನ ಹೆಂಡತಿ, ಸುತ್ತ ದೀಪವಿರುವ ಕನ್ನಡಿ ಹಾಕಿದರೆ ಹೇಗೆ ಎಂದು ಕೇಳಿದಳು. ಮಾಲೀಕರು ‘ಆಗಲಿ ಅಮ್ಮಾ...’ ಎಂದು ಶುರುಮಾಡಿ, ನನ್ನ ಕಡೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಬರೆದರು: 6,200 ರೂಪಾಯಿ, ಮೂರು ದಿನ. ಅವಳು ಕನ್ನಡಕ ಏರಿಸಿಕೊಂಡು ಓದಿದಳು. ‘ಹಳೆಯ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲವೇ’ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಳಗೆ ಹೋದಳು. ಎಡಮೂಲೆಯಲ್ಲಿ ರಸ ಹೋದ ಆ ಕನ್ನಡಿಯ ಮುಂದೆಯೇ ಇವತ್ತು ಬೆಳಿಗ್ಗೆಯೂ ಗಡ್ಡ ಹೆರೆದುಕೊಂಡೆ.