‘ಸೀಟು ಗ್ಯಾರಂಟಿ’ ಅಂದವರ ಕೈಗೆ ಲಾಗಿನ್ ಕೊಟ್ಟು ನಾನು ಕೆಟ್ಟ ಕಥೆ

ಮಾರ್ಕ್ಸ್ ಕಡಿಮೆ ಬಂದಿದೆ, ಆದರೆ ಇಷ್ಟದ ಯೂನಿವರ್ಸಿಟಿಯ ಆಸೆ ಬಿಡಲಾಗುತ್ತಿಲ್ಲ ಅನ್ನುವವರು ಇದನ್ನು ಓದಿ. ಅದರಲ್ಲೂ ಯಾರಾದರೂ ‘ನಮಗೆ ಬಿಟ್ಬಿಡಿ, ಸೀಟು ಗ್ಯಾರಂಟಿ’ ಅಂದಿದ್ದರೆ ದುಡ್ಡು ಕಟ್ಟುವ ಮೊದಲೇ ಓದಿ.

ನನ್ನದು ಒಟ್ಟು 72 ಪರ್ಸೆಂಟ್. ಮೊದಲ ವರ್ಷ 61, ಕೊನೆಯ ವರ್ಷ 83. ಮೊದಲ ವರ್ಷವೆಲ್ಲ ಅಪ್ಪನ ಆಪರೇಷನ್, ಆಸ್ಪತ್ರೆ ಓಡಾಟದಲ್ಲೇ ಕಳೆದುಹೋಗಿತ್ತು. ಕಾರಣ ಏನೇ ಇರಲಿ, ಆ 61 ಕಂಡರೆ ನನಗೇ ನಾಚಿಕೆ. ಪರಿಸರ ವಿಜ್ಞಾನ ಓದಬೇಕು, ಅದೂ ಆ ಒಂದು ಯೂನಿವರ್ಸಿಟಿಯಲ್ಲೇ ಓದಬೇಕು ಅಂತ ಹಟ ಬೇರೆ. ಅಲ್ಲಿ ಸೀಟು ಸಿಗುವವರಲ್ಲಿ ಹೆಚ್ಚಿನವರು ನನಗಿಂತ ಎಷ್ಟೋ ಮೇಲಿದ್ದರು. ಇಂಥ ಹೊತ್ತಲ್ಲೇ ಕನ್ಸಲ್ಟೆಂಟ್ ಒಬ್ಬರು ಸಿಕ್ಕರು.

‘ಈ ಮಾರ್ಕ್ಸ್ ಇಟ್ಕೊಂಡು ನೀವೇ ಅರ್ಜಿ ಹಾಕಿದ್ರೆ ಯಾರೂ ತೆರೆದೂ ನೋಡಲ್ಲ. ಒಳಗೆ ನಮ್ಮವರಿದ್ದಾರೆ’ ಅಂದರು. ನಂಬಿದೆ. ಹೆದರಿದವರಿಗೆ ನಂಬುವುದು ಸುಲಭ.

ಮೊದಲು ಮಾಡಿದ ಕೆಲಸ ನನ್ನ ಹೆಸರಲ್ಲಿ ಹೊಸ ಮೇಲ್ ಐಡಿ ತೆರೆದದ್ದು. ಪಾಸ್‌ವರ್ಡ್ ಅವರ ಹತ್ತಿರ. ಅರ್ಜಿಯ ಲಾಗಿನ್ ಕೂಡ ಅದೇ ಮೇಲ್‌ಗೆ. ‘ನೀವು ಓದ್ಕೊಳ್ಳಿ, ಈ ತಲೆನೋವೆಲ್ಲ ನಮಗಿರಲಿ’ ಅಂದಾಗ ನನಗೆ ಖುಷಿಯೇ ಆಯಿತು ಅಂದರೆ ಎಷ್ಟು ದಡ್ಡತನ ನೋಡಿ.

ಆಮೇಲೆ ಅರ್ಜಿಯ ಜೊತೆ ನನ್ನ ಬಗ್ಗೆ ಬರೆದು ಕಳಿಸಬೇಕಾದ ಪ್ರಬಂಧ. ನಾನು ಬರೆಯುತ್ತೇನೆ ಅಂದೆ. ಮನೆ ತಾರಸಿಯ ಮೇಲೆ ಬಾಟಲಿ ಕತ್ತರಿಸಿ ಇಟ್ಟು, ಮೂರು ವರ್ಷ ದಿನಾ ಬಿದ್ದ ಮಳೆ ಅಳೆದು ಬರೆದಿಟ್ಟ ನೋಟ್‌ಬುಕ್ ನನ್ನ ಹತ್ತಿರ ಇತ್ತು. ಅದರಲ್ಲಿ ಒಂದು ಜೂನ್ ತಿಂಗಳಷ್ಟೂ ಖಾಲಿ. ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳು. ಅವರು ಎರಡು ಪುಟ ತಿರುಗಿಸಿ ನಕ್ಕರು. ‘ಮಳೆನೀರಿನ ಲೆಕ್ಕ ಯಾರಿಗೆ ಬೇಕು? ಏನಾದ್ರೂ ದೊಡ್ಡದು ಬೇಕು.’ ವಾರದ ನಂತರ ಬಂದ ಪ್ರಬಂಧದ ಪ್ರಕಾರ ನಾನು ಹದಿನಾರನೇ ವಯಸ್ಸಿಗೇ ಬಡಮಕ್ಕಳಿಗಾಗಿ ಲೈಬ್ರರಿ ಕಟ್ಟಿದ್ದೆ! ಇದು ಸುಳ್ಳಲ್ವಾ ಅಂದೆ. ‘ಎಲ್ಲರೂ ಹೀಗೇ ಮಾಡೋದು’ ಅಂದರು. ಸುಮ್ಮನಾದೆ. ಅವರನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು: ಆ ಸುಳ್ಳಿಗೆ ನನ್ನ ಸಹಿಯೂ ಇತ್ತು.

ವಿಡಿಯೊ ಇಂಟರ್‌ವ್ಯೂ ಇದೆ ಅಂತ ನನಗೆ ಗೊತ್ತಾದದ್ದು ಎರಡು ದಿನ ಮೊದಲು. ಇಬ್ಬರು ಕೂತಿದ್ದರು. ತುಂಬ ಮೃದುವಾಗಿ ಮಾತಾಡಿದರು. ಒಬ್ಬರು ಕೇಳಿದರು: ‘ನಿಮ್ಮ ಲೈಬ್ರರಿಯಲ್ಲಿ ಪುಸ್ತಕಗಳನ್ನು ಹೇಗೆ ಜೋಡಿಸಿದ್ದಿರಿ? ಮಕ್ಕಳು ಜಾಸ್ತಿ ಕೇಳುತ್ತಿದ್ದ ಪುಸ್ತಕ ಯಾವುದು?’ ಇಷ್ಟೇ ಪ್ರಶ್ನೆ. ನಿಜವಾಗಿ ಲೈಬ್ರರಿ ನಡೆಸಿದವರು ನಗುತ್ತಾ ಉತ್ತರಿಸುವಂಥದ್ದು. ನಾನು ಏನೇನೋ ತೊದಲಿದೆ. ಕಿವಿ ಬಿಸಿಯಾಯಿತು. ಇನ್ನೊಬ್ಬರು ಕೈಯಲ್ಲಿದ್ದ ಕಾಗದ ನೋಡಿ ಹೇಳಿದರು: ‘ನಿಮ್ಮ ಟೀಚರ್ ಬರೆದ ಪತ್ರದಲ್ಲಿ ಮಳೆ ಅಳೆಯುವ ನೋಟ್‌ಬುಕ್ ವಿಷಯ ಇದೆ. ನಾವು ಅದನ್ನೇ ಕೇಳಬೇಕು ಅಂದ್ಕೊಂಡಿದ್ವಿ. ನಿಮ್ಮ ಅರ್ಜಿಯಲ್ಲಿ ಅದು ಯಾಕಿಲ್ಲ?’

ಟೀಚರ್ ಪತ್ರ ನೇರವಾಗಿ ಯೂನಿವರ್ಸಿಟಿಗೆ ಹೋಗಿತ್ತು. ಅದು ಕನ್ಸಲ್ಟೆಂಟ್ ಕೈಗೆ ಸಿಕ್ಕಿರಲಿಲ್ಲ. ನನ್ನ ಇಡೀ ಅರ್ಜಿಯಲ್ಲಿ ನಿಜ ಇದ್ದದ್ದು ಅದೊಂದರಲ್ಲೇ.

ಸೀಟು ಸಿಗಲಿಲ್ಲ. ಜಗಳ ಮಾಡಿ ಪಾಸ್‌ವರ್ಡ್ ಇಸ್ಕೊಂಡು ಇನ್‌ಬಾಕ್ಸ್ ನೋಡಿದೆ. ಇಂಟರ್‌ವ್ಯೂಗೂ ಮೊದಲೇ ಬಂದಿದ್ದ ಒಂದು ಮೇಲ್: ಮೊದಲ ವರ್ಷದ ಮಾರ್ಕ್ಸ್ ಕಡಿಮೆ ಇರಲು ಕಾರಣ ಇದ್ದರೆ ಹತ್ತು ದಿನದೊಳಗೆ ತಿಳಿಸಿ ಅಂತ. ಯಾವ 61ನ್ನು ನಾನು ಮುಚ್ಚಿಡಲು ಹೊರಟಿದ್ದೆನೋ ಅದರ ಬಗ್ಗೆ ಅವರೇ ಕೇಳಿದ್ದರು. ಆ ಮೇಲ್‌ಗೆ ಉತ್ತರ ಹೋಗಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾದ ಒಂದೆರಡು ವಿಷಯ ಹೇಳ್ತೀನಿ. ಅಮೆರಿಕದ ಎಷ್ಟೋ ಕಾಲೇಜುಗಳು ಬಳಸುವ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಇಂಥ ಕಷ್ಟದ ವರ್ಷದ ಬಗ್ಗೆ ಬರೆಯಲೆಂದೇ ಬೇರೆ ಜಾಗ ಇದೆ. ಬರೆದದ್ದೆಲ್ಲ ನನ್ನದೇ, ನಿಜವೇ ಅಂತ ಕೊನೆಯಲ್ಲಿ ಸಹಿ ಹಾಕಬೇಕು. ಬ್ರಿಟನ್‌ನಲ್ಲಿ ಯೂನಿವರ್ಸಿಟಿ ಅರ್ಜಿಗಳನ್ನು ತೆಗೆದುಕೊಳ್ಳುವ ಯುಕಾಸ್ ಅನ್ನುವ ಸಂಸ್ಥೆ ಪ್ರತಿಯೊಬ್ಬರ ಬರಹವನ್ನೂ ಹಳೆಯ ಅರ್ಜಿಗಳ ಜೊತೆ ಹೋಲಿಸಿ ನೋಡುತ್ತದೆ. ಹೋಲಿಕೆ ಜಾಸ್ತಿ ಕಂಡರೆ ಅರ್ಜಿ ಹಾಕಿದ ಯೂನಿವರ್ಸಿಟಿಗಳಿಗೆ ತಿಳಿಸುತ್ತದೆ. ಒಂದೇ ಪ್ರಬಂಧವನ್ನು ಹತ್ತು ಜನಕ್ಕೆ ಮಾರುವ ಕನ್ಸಲ್ಟೆಂಟ್‌ಗಳಿಗೆ ಇದರಿಂದ ಏನೂ ಆಗಲ್ಲ, ಸಿಕ್ಕಿಬೀಳುವುದು ನಾವು.

‘ಒಳಗೆ ನಮ್ಮವರಿದ್ದಾರೆ’ ಅನ್ನುವ ಮಾತು ನಿಜವಾಗಿದ್ದರೆ ಇನ್ನೂ ಕೆಟ್ಟದ್ದು. 2019ರಲ್ಲಿ ಅಮೆರಿಕದಲ್ಲಿ ವಿಲಿಯಂ ಸಿಂಗರ್ ಅನ್ನುವ ಕನ್ಸಲ್ಟೆಂಟ್‌ನ ವ್ಯವಹಾರ ಬಯಲಾಯಿತು. ಲಂಚ ಕೊಟ್ಟು, ಆಟವೇ ಆಡದ ಮಕ್ಕಳನ್ನು ಆಟಗಾರರು ಅಂತ ತೋರಿಸಿ ಸೀಟು ಕೊಡಿಸುತ್ತಿದ್ದ. 2023ರಲ್ಲಿ ಅವನಿಗೆ ಮೂರೂವರೆ ವರ್ಷ ಜೈಲಾಯಿತು. ಹಾಗೆ ಸೀಟು ಪಡೆದ ಒಬ್ಬ ವಿದ್ಯಾರ್ಥಿಯ ಪ್ರವೇಶವನ್ನು ಯೇಲ್ ಯೂನಿವರ್ಸಿಟಿ ರದ್ದು ಮಾಡಿತು.

ಗ್ಯಾರಂಟಿ ಅನ್ನುವುದು ಇಲ್ಲವೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಸಾಮಾನ್ಯವಾಗಿ ಎರಡು ವರ್ಷದ ಕಾಲೇಜು) ಹೇಳಿದ ವಿಷಯಗಳನ್ನು ಹೇಳಿದ ಗ್ರೇಡ್‌ನಲ್ಲಿ ಮುಗಿಸಿದರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ 6 ಕ್ಯಾಂಪಸ್‌ಗಳು ಟ್ರಾನ್ಸ್‌ಫರ್ ಸೀಟಿಗೆ, ಅಂದರೆ ಓದಿನ ಮಧ್ಯೆ ಅಲ್ಲಿಂದ ಇಲ್ಲಿಗೆ ಬಂದು ಸೇರುವ ಸೀಟಿಗೆ, ಖಾತರಿ ಕೊಡುತ್ತವೆ. ಆದರೆ ಅದನ್ನು ಕೊಡುವುದು ಯೂನಿವರ್ಸಿಟಿಯೇ, ಮಧ್ಯದವರಲ್ಲ. ಇದೆಲ್ಲ ಯಾರು ಬೇಕಾದರೂ ಓದಬಹುದಾದ ಪುಟಗಳಲ್ಲೇ ಇದೆ. ನಾನು ಓದಿರಲಿಲ್ಲ ಅಷ್ಟೇ.

ಇನ್ನು ದುಡ್ಡು. ವಾಪಸ್ ಕೇಳಲು ಹೋದೆ. ಅವರು ಒಪ್ಪಂದದ ಮೂರನೇ ಪುಟ ತೋರಿಸಿದರು. ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಯಾವುದಾದರೂ ಒಂದು ಯೂನಿವರ್ಸಿಟಿಯಲ್ಲಿ ಪ್ರವೇಶ.’ ನನಗೆ ಹೇಳದೆಯೇ, ಅರ್ಜಿ ಹಾಕಿದವರಿಗೆಲ್ಲ ಸೀಟು ಕೊಡುವ ಎರಡು ಕಡೆಯೂ ನನ್ನ ಅರ್ಜಿ ಹಾಕಿಸಿದ್ದರು. ಎರಡೂ ಕಡೆ ಸಿಕ್ಕಿತ್ತು. ಗ್ಯಾರಂಟಿ ಪೂರೈಸಿದಂತಾಯಿತು, ಒಂದು ಪೈಸೆಯೂ ವಾಪಸ್ ಇಲ್ಲ.

ಈಗ ಅದರಲ್ಲೊಂದು ಕಡೆಯೇ ಓದುತ್ತಿದ್ದೇನೆ. ಪಾಠ ಪರವಾಗಿಲ್ಲ, ಚೆನ್ನಾಗಿಯೇ ಇದೆ. ಟ್ರಾನ್ಸ್‌ಫರ್‌ಗೆ ಅರ್ಜಿ ತುಂಬುತ್ತಿದ್ದೇನೆ, ಈ ಸಲ ನನ್ನದೇ ಮೇಲ್‌ನಿಂದ. ಪ್ರಬಂಧವನ್ನು ಆ ಖಾಲಿ ಜೂನ್ ತಿಂಗಳಿಂದಲೇ ಶುರು ಮಾಡಿದ್ದೇನೆ.

ಹೋದ ವಾರ ಗೆಳೆಯನೊಬ್ಬ ಒಂದು ಜಾಹೀರಾತು ಕಳಿಸಿದ. ‘ಕಡಿಮೆ ಮಾರ್ಕ್ಸ್ ಬಂದರೂ ಸೀಟು ಗಿಟ್ಟಿಸಿದ ನಮ್ಮ ವಿದ್ಯಾರ್ಥಿಗಳು’ ಅಂತ ಮೇಲೆ ದೊಡ್ಡದಾಗಿ ಬರೆದಿತ್ತು. ಎರಡನೇ ಸಾಲಿನಲ್ಲಿ ಎಡಗಡೆಯಿಂದ ಮೂರನೇ ಫೋಟೊ ನನ್ನದು.