ದುಡ್ಡು ಕೊಟ್ಟು ಕೋಚ್ ತಂದೆವು, ಕಪ್ ಬರಲಿಲ್ಲ: ಒಂದು ಸೀಸನ್ ಬಳಸಿದ ಮೇಲೆ ರಿವ್ಯೂ

ಮೊದಲು ಸ್ಟಾರ್ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ಐದಕ್ಕೆ ಮೂರೂವರೆ. ಅರ್ಧ ಸ್ಟಾರ್ ಹೋಗಿದ್ದು ಫೋನ್ ಎತ್ತದಿದ್ದಕ್ಕೆ. ಪೂರ್ತಿ ಒಂದು ಸ್ಟಾರ್ ಯಾಕೆ ಹೋಯಿತು ಅನ್ನೋದು ಮುಂದೆ ಬರುತ್ತದೆ.

ನಾವು ದಾವಣಗೆರೆಯಲ್ಲಿ ಓದಿದ ಡಿಗ್ರಿ ಕಾಲೇಜಿಗೆ ಒಂದು ಫುಟ್‌ಬಾಲ್ ಟೀಮ್ ಇದೆ. ಇದೆ ಅಂದರೆ, ಇಂಟರ್ ಕಾಲೇಜು ಟೂರ್ನಮೆಂಟ್ ಬಂದಾಗ ಕಾರಿಡಾರ್‌ನಲ್ಲಿ ಸಿಕ್ಕ ಹನ್ನೊಂದು ಜನಕ್ಕೆ ಜೆರ್ಸಿ ಹಾಕಿಸುತ್ತಾರೆ. ಪಿ.ಇ. ಸರ್ ಒಬ್ಬರೇ. ಕಬಡ್ಡಿ, ಖೋ ಖೋ, ವಾಲಿಬಾಲ್, ಚೆಸ್ಸು, ಸ್ಪೋರ್ಟ್ಸ್ ಡೇಗೆ ಟ್ರ್ಯಾಕಿಗೆ ಸುಣ್ಣ ಹಾಕಿಸೋದು, ಆಗಸ್ಟ್ 15ಕ್ಕೆ ಮೈಕ್ ಕಟ್ಟಿಸೋದು, ಎಲ್ಲ ಅವರ ತಲೆ ಮೇಲೇ. ಫುಟ್‌ಬಾಲ್‌ಗೆ ಸಿಗೋದು ಉಳಿದ ಹೊತ್ತು. ಮೂರು ವರ್ಷದಿಂದ ಮೊದಲನೇ ಮ್ಯಾಚಿಗೇ ಮನೆಗೆ ಬರುತ್ತಿದ್ದೆವು. ನಾಕೌಟ್ ಅಲ್ವಾ, ಒಂದು ಸೋತರೆ ಆ ವರ್ಷದ ಆಟ ಅಲ್ಲಿಗೆ ಮುಗೀತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ಒಂದೇ ಯೂನಿವರ್ಸಿಟಿಗೆ ಸೇರಿದವು, ಹಾಗಾಗಿ ದುರ್ಗದವರ ಕೈಲಿ ಸೋತರೆ ಉರಿ ಸ್ವಲ್ಪ ಜಾಸ್ತಿ. 1997ರ ತನಕ ಒಂದೇ ಜಿಲ್ಲೆಯಲ್ಲಿ ಇದ್ದವರು ನಾವು, ಪಾಲಾದ ಅಣ್ಣತಮ್ಮಂದಿರ ಥರ.

ಹೋದ ವರ್ಷ ಒಂದು ಭಾನುವಾರ ಹಳೇ ವಿದ್ಯಾರ್ಥಿಗಳು ಏಳೆಂಟು ಜನ ಬೆಣ್ಣೆ ದೋಸೆ ತಿನ್ನಲು ಸೇರಿದ್ದೆವು. ಎರಡನೇ ದೋಸೆ ಹೊತ್ತಿಗೆ ಒಬ್ಬ ಹೇಳಿದ, ನಾವೇ ದುಡ್ಡು ಹಾಕಿ ಒಬ್ಬ ಕೋಚ್ ತಂದರೆ ಹೇಗೆ ಅಂತ. ಹೊಟ್ಟೆ ತುಂಬಿದಾಗ ಎಲ್ಲರೂ ಧಾರಾಳ. ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಗ್ರೂಪ್ ಆಗಿತ್ತು, ಗ್ರೂಪಿನ ಹೆಸರು 'ಈ ಸಲ ಕಪ್ ನಮ್ದೇ'. ಅಲ್ಲೇ ನಾವು ಎಡವಿದ್ದು ಅಂತ ಈಗ ಅನ್ನಿಸುತ್ತದೆ. ಕೋಚ್ ಸಿಕ್ಕಿರಲಿಲ್ಲ, ಬಾಲ್ ಇರಲಿಲ್ಲ, ಕಪ್ ಮಾತ್ರ ನಮ್ಮದಾಗಿತ್ತು.

58 ಜನ ತಲಾ 1,500 ಹಾಕಿದೆವು, 87,000 ಆಯಿತು. ಕಾಲೇಜಿನವರು ಒಪ್ಪಿದರು, ಅವರಿಗೇನು ಖರ್ಚಿಲ್ಲವಲ್ಲ. ಸಿಕ್ಕಿದ ಕೋಚ್ ಮೂವತ್ತರ ಆಸುಪಾಸಿನ ಹುಡುಗ, ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್ಎಫ್ ಕೊಡುವ ಡಿ ಕೋಚಿಂಗ್ ಲೈಸೆನ್ಸ್ ಮಾಡಿಕೊಂಡಿದ್ದಾರೆ. ಲೈಸೆನ್ಸುಗಳಲ್ಲಿ ಡಿ ಅನ್ನೋದು ಕೆಳಗಿನ ಮೆಟ್ಟಿಲುಗಳಲ್ಲಿ ಒಂದು, ಆಮೇಲೆ ಸಿ, ಬಿ, ಎ, ಪ್ರೊ. ಗ್ರೂಪಿನಲ್ಲಿ ಒಬ್ಬರು 'ಡಿ ಅಂದ್ರೆ ಡಿ ಗ್ರೂಪ್ ನೌಕರನಾ' ಅಂತ ಕೇಳಿದರು, ಅದಕ್ಕೆ ಹನ್ನೆರಡು ಜನ ನಕ್ಕಿದ್ದರು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ತಿಂಗಳಿಗೆ 12,000, ಐದು ತಿಂಗಳು, ವಾರಕ್ಕೆ ಐದು ದಿನ, ಬೆಳಿಗ್ಗೆ ಆರರಿಂದ ಎಂಟು. ಸಂಜೆ ಯಾಕಿಲ್ಲ ಅಂದರೆ, ಟೀಮಿನ ಅರ್ಧ ಹುಡುಗರು ಜಗಳೂರು, ಹರಿಹರ ಕಡೆಯ ಹಳ್ಳಿಗಳಿಂದ ಬರುವವರು. ಸಂಜೆ ಬಸ್ ತಪ್ಪಿದರೆ ಊರು ತಪ್ಪಿದ ಹಾಗೆ. ಬೆಳಿಗ್ಗೆ ಆರಕ್ಕೆ ಬರಬೇಕು ಅಂತ ನಾಲ್ಕೈದು ಹುಡುಗರು ಇಲ್ಲೇ ಒಂದು ರೂಮ್ ಮಾಡಿಕೊಂಡರು, ಅದರ ಬಾಡಿಗೆ ಅವರದ್ದೇ, ನಮ್ಮ 87,000ದಲ್ಲಿ ಅದು ಇಲ್ಲ.

ಮೊದಲ ಮೀಟಿಂಗ್‌ನಲ್ಲಿ ಒಬ್ಬ ಅಣ್ಣ ನೇರವಾಗಿ ಕೇಳಿದರು, 'ಸರ್, ಈ ವರ್ಷ ಎಲ್ಲಿ ತನಕ ಹೋಗ್ತೀವಿ?' ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎರಡು ಮ್ಯಾಚ್ ಆಡ್ತೀವಿ ಸರ್' ಅಂದರು. ಅಷ್ಟೇ. ಒಂದು ಗೆಲ್ಲುತ್ತೇವೆ, ಎರಡನೇದು ನೋಡೋಣ ಅಂತ ಅರ್ಥ. ನಾವು ತಮಾಷೆ ಅಂದುಕೊಂಡೆವು. ಈ ಮಾತು ನೆನಪಿಟ್ಟುಕೊಳ್ಳಿ.

ಈಗ ಸೇವೆ ಹೇಗಿತ್ತು ಅಂತ. ನಾನು ವಾರಕ್ಕೊಂದು ದಿನ ವಾಕಿಂಗ್ ನೆಪದಲ್ಲಿ ಹೋಗಿ ನೋಡುತ್ತಿದ್ದೆ. ಮೊದಲ ಮೂರು ವಾರ ಗೋಲ್ ಪೋಸ್ಟ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಬ್ಬಿಬ್ಬರು ಎದುರುಬದುರು ನಿಂತು ಪಾಸ್, ಪಾಸ್, ಪಾಸ್. ಬರೀ ಕಾಲಿನ ಒಳಮೈಯಲ್ಲಿ. ನಮ್ಮ ಕಾಲದಲ್ಲಿ ಇದ್ದಿದ್ದು ಒಂದೇ ಪ್ಲಾನ್, 'ಎತ್ತಿ ಹೊಡಿ'. ಹಿಂದಿನಿಂದ ಸ್ಟಾಪರ್, ಅಂದರೆ ಡಿಫೆನ್ಸ್ ನಡುವೆ ನಿಲ್ಲುವವನು, ಎತ್ತಿ ಹೊಡೆಯೋದು, ಮುಂದೆ ಇದ್ದವನು ಬಿದ್ದು ಎದ್ದು ಓಡೋದು. ಈ ಕೋಚ್ ಎತ್ತಿ ಹೊಡೆದವನಿಗೆ ಮೈದಾನ ಒಂದು ಸುತ್ತು ಹಾಕಿಸುತ್ತಿದ್ದರು. ಕಾಲೇಜಿನ ಯಾವುದೋ ಕಾರ್ಯಕ್ರಮಕ್ಕೆ ಪೆಂಡಾಲ್ ಹಾಕಿ ಹೋದವರು ಗೂಟದ ಗುಣಿ ಹಾಗೇ ಬಿಟ್ಟಿದ್ದರು, ಅದರಲ್ಲಿ ಬಾಲ್ ಬಿದ್ದು ಎಲ್ಲೆಲ್ಲೋ ಪುಟಿಯುತ್ತಿತ್ತು. ಒಂದು ದಿನ ಹೋದರೆ ಕೋಚ್ ಬಾಂಡ್ಲಿಯಲ್ಲಿ ಮಣ್ಣು ತಂದು ಗುಣಿ ತುಂಬುತ್ತಿದ್ದರು, ಹಿಂದೆ ಹುಡುಗರು ಸಾಲಾಗಿ ನಿಂತು ತುಳಿಯುತ್ತಿದ್ದರು. ಇದು ಕರಾರಿನಲ್ಲಿ ಇರಲಿಲ್ಲ. ಇದಕ್ಕೆ ನಾನು ಬೇರೆ ಸ್ಟಾರ್ ಕೊಡಬೇಕು ಅಂದುಕೊಂಡಿದ್ದೆ, ಫೋನ್ ವಿಷಯದಲ್ಲಿ ಕಳೆದುಕೊಂಡರು.

ಕೊನೆಯ ಎರಡು ತಿಂಗಳು ಪ್ರಾಕ್ಟೀಸ್ ಆದ ಮೇಲೆ ಒಂದು ಮೊಟ್ಟೆ, ಒಂದು ಬಾಳೆಹಣ್ಣು. 20 ಹುಡುಗರು, 46 ದಿನ, 11,040 ರೂಪಾಯಿ. ಗ್ರೂಪಿನಲ್ಲಿ ಇದಕ್ಕೂ ಗಲಾಟೆ. 'ಕೋಚಿಂಗ್‌ಗೆ ದುಡ್ಡು ಕೊಟ್ಟಿದ್ದು, ಮೆಸ್ಸಿಗಲ್ಲ' ಅಂತ. (ಮೆಸ್ಸಿ ಅಂದ ತಕ್ಷಣ ಇನ್ನೊಬ್ಬ ಅರ್ಜೆಂಟೀನಾ ಬಾವುಟ ಹಾಕಿದ, ಅದು ಬೇರೆ ಕಥೆ.) ಖಾಲಿ ಹೊಟ್ಟೆಯಲ್ಲಿ ಆರು ಗಂಟೆಗೆ ಬಂದು ಎರಡು ಗಂಟೆ ಓಡಿ, ಹಾಗೇ ಒಂಬತ್ತೂವರೆ ಕ್ಲಾಸಿಗೆ ಹೋಗಿ ಕೂರುವ ಹುಡುಗನನ್ನು ಒಂದು ಸಲ ಹತ್ತಿರದಿಂದ ನೋಡಿದ್ದರೆ ಆ ಮೆಸೇಜ್ ಬರುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ದುರ್ಗಕ್ಕೆ ಒಂದು ಫ್ರೆಂಡ್ಲಿ ಮ್ಯಾಚಿಗೆ ಹೋದೆವು. ಟೆಂಪೋ ಬಾಡಿಗೆ 6,000. ಮಳೆಗಾಲದ ದುರ್ಗದ ಗಾಳಿ ಗೊತ್ತಲ್ಲ, ಬೆಟ್ಟದ ಮೇಲೆ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮೊದಲ ಹಾಫ್ ಗಾಳಿ ನಮ್ಮ ಬೆನ್ನಿಗೆ ಇತ್ತು, ಹುಡುಗರು ಖುಷಿಯಲ್ಲಿ ಕಲಿತಿದ್ದೆಲ್ಲ ಮರೆತು ಎತ್ತಿ ಹೊಡೆಯೋಕೆ ಶುರು ಮಾಡಿದರು, ಬಾಲೆಲ್ಲ ಗೆರೆ ದಾಟಿ ಹೊರಗೆ. ಎರಡನೇ ಹಾಫ್ ಗಾಳಿ ಮುಖಕ್ಕೆ. ನಮ್ಮ ಕೀಪರ್ ಗೋಲ್ ಕಿಕ್ ಎತ್ತಿ ಹೊಡೆದ, ಬಾಲ್ ಮೇಲೆ ಹೋಗಿ ಅಲ್ಲೇ ಒಂದು ಕ್ಷಣ ಯೋಚನೆ ಮಾಡಿ ವಾಪಸ್ ಬಂದು ಅವರ ಫಾರ್ವರ್ಡ್ ಕಾಲಿಗೇ ಬಿತ್ತು. ಒಟ್ಟು 0-4. ಗೆರೆ ಪಕ್ಕ ಕೂತು ನೋಡುತ್ತಿದ್ದ ಊರಿನ ಹಿರಿಯರೊಬ್ಬರು ನಮ್ಮ ಸ್ಟಾಪರ್‌ನ ಕರೆದು, 'ಏನ್ ತಮ್ಮಾ, ಡಿಫೆನ್ಸಲ್ಲಿ ಇಷ್ಟು ಕಿಂಡಿ ಇಟ್ಕೊಂಡು ಓಬವ್ವನ ಊರಿಗೆ ಬಂದಿದೀರಲ್ಲ' ಅಂದರು. ಆ ಹುಡುಗ ದಾವಣಗೆರೆ ಬರುವ ತನಕ ಮಾತಾಡಲಿಲ್ಲ.

ಆ ರಾತ್ರಿ ಗ್ರೂಪಿನಲ್ಲಿ 214 ಮೆಸೇಜ್. ಎಣಿಸಿದ್ದೇನೆ. ಕೋಚ್ ತೆಗೀರಿ, ದುಡ್ಡು ವಾಪಸ್ ಕೇಳಿ, ಬೆಂಗಳೂರಿಂದ ಯಾರನ್ನಾದರೂ ತನ್ನಿ. ಕೋಚ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮಾರನೇ ದಿನವೂ ಇಲ್ಲ. ಇದು ತಪ್ಪು ಸರ್. ಸೋತ ದಿನ ನಾಲ್ಕು ಮಾತು ಬರೆದು ಹಾಕಿದ್ದರೆ ಅರ್ಧ ಬೆಂಕಿ ಆರುತ್ತಿತ್ತು. ಆದರೆ ಮಾರನೇ ದಿನ ಆರು ಗಂಟೆಗೆ ಮೈದಾನದಲ್ಲಿ ಇದ್ದರಂತೆ, ಹುಡುಗರಿಗೆ ಒಂದು ವಾರ ಬಾಲ್ ಮೊಣಕಾಲಿನ ಮೇಲೆ ಏಳಬಾರದು ಅಂತ ರೂಲ್ ಹಾಕಿದರಂತೆ.

ನಮ್ಮ ಬ್ಯಾಚಿನ ಒಬ್ಬ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಇದ್ದಾನೆ. ಅವನು ಆ ರಾತ್ರಿ ಒಂದು ಉದ್ದ ವಾಯ್ಸ್ ನೋಟ್ ಹಾಕಿದ, ಯಾರೂ ಪೂರ್ತಿ ಕೇಳಲಿಲ್ಲ, ನಾನು ಕೇಳಿದೆ. ಅಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಹುಚ್ಚು. ಅವರ ಫುಟ್‌ಬಾಲ್ ಬೇರೆ, ಮೊಟ್ಟೆಯಾಕಾರದ ಬಾಲ್, ಕೈಯಲ್ಲಿ ಹಿಡಿದು ಓಡೋದು. ನೆಬ್ರಾಸ್ಕಾ ಯೂನಿವರ್ಸಿಟಿ ಟೀಮು 1994, 1995, 1997ರಲ್ಲಿ ದೇಶಕ್ಕೇ ಚಾಂಪಿಯನ್ ಆಗಿತ್ತು. ಆಮೇಲೆ ಬೋ ಪೆಲಿನಿ ಅನ್ನೋ ಕೋಚ್ ಏಳು ವರ್ಷ ಇದ್ದ, ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. ಸಾಲದು ಅಂತ 2014ರಲ್ಲಿ ಮನೆಗೆ ಕಳಿಸಿದರು. ಮುಂದಿನವನು ಮೂರು ವರ್ಷದಲ್ಲಿ 19 ಗೆದ್ದು 19 ಸೋತ. ಆಮೇಲೆ ಅವರದ್ದೇ ಹಳೇ ಹುಡುಗ, 1997ರ ಚಾಂಪಿಯನ್ ಟೀಮಿನಲ್ಲಿ ಆಡಿದ್ದ ಸ್ಕಾಟ್ ಫ್ರಾಸ್ಟ್ ಬಂದ, ಊರೆಲ್ಲ ಹಬ್ಬ. 16 ಗೆದ್ದ, 31 ಸೋತ. 2022ರ ಸೆಪ್ಟೆಂಬರ್‌ನಲ್ಲಿ ಅವನನ್ನು ಬಿಡಿಸಲು ಸುಮಾರು ಒಂದೂವರೆ ಕೋಟಿ ಡಾಲರ್ ಕೊಡಬೇಕಾಯಿತು, ಇನ್ನು ಮೂರು ವಾರ ತಡೆದಿದ್ದರೆ ಅರ್ಧಕ್ಕೆ ಮುಗಿಯುತ್ತಿತ್ತು, ಅಷ್ಟೂ ತಾಳ್ಮೆ ಇರಲಿಲ್ಲ. ತಮಾಷೆ ಅಂದರೆ ಇಷ್ಟಾದರೂ ಲಿಂಕನ್ ಊರಿನಲ್ಲಿರುವ ಆ ಟೀಮಿನ ಸ್ಟೇಡಿಯಂ ಟಿಕೆಟ್ 1962ರಿಂದ ಒಂದು ಮ್ಯಾಚಿಗೂ ಮಿಕ್ಕಿಲ್ಲ. ನಮ್ಮವರೂ ಕೋಚ್ ತೆಗೀರಿ ಅಂದರು, ಆದರೆ ಮೈದಾನಕ್ಕೆ ಬಂದು ನೋಡಿದವರು 58ರಲ್ಲಿ ಒಂಬತ್ತು ಜನ. ನೆಬ್ರಾಸ್ಕಾದವರಿಗೆ ಬೈಯೋ ಹಕ್ಕಾದರೂ ಇದೆ.

ನವೆಂಬರ್‌ನಲ್ಲಿ ಟೂರ್ನಮೆಂಟ್. ಮೊದಲ ಮ್ಯಾಚ್ ಯಾವುದೇ ಕಡೆಯಿಂದ ನೋಡಿದರೂ ಚೆಂದ ಇರಲಿಲ್ಲ, 0-0 ಎಳೆಯುತ್ತಾ ಇತ್ತು. ಮುಗಿಯಲು ಹತ್ತು ನಿಮಿಷ ಇದ್ದಾಗ ಬಲಗಡೆ ನಮಗೆ ಒಂದು ಥ್ರೋ ಸಿಕ್ಕಿತು. ಜಗಳೂರು ಕಡೆಯ ಹುಡುಗ ಬಾಲ್ ಎತ್ತಿಕೊಂಡ. ಅಷ್ಟರಲ್ಲಿ ನಮ್ಮ ಸ್ಟ್ರೈಕರ್ ಆರಾಮಾಗಿ ನಡೆದುಕೊಂಡು ಹೋಗಿ ಅವರ ಡಿಫೆನ್ಸ್ ಹಿಂದೆ ನಿಂತ, ಅವನಿಗೂ ಕೀಪರ್‌ಗೂ ನಡುವೆ ಯಾರೂ ಇಲ್ಲ. ಅವರ ಡಿಫೆಂಡರ್‌ಗಳು ಅವನ ಕಡೆ ನೋಡಿ ಬಿಟ್ಟುಬಿಟ್ಟರು, ಹೇಗೂ ಆಫ್‌ಸೈಡ್, ಹಾಗೆ ಡಿಫೆನ್ಸ್ ಹಿಂದೆ ನಿಂತವನಿಗೆ ಪಾಸ್ ಕೊಟ್ಟು ಗೋಲ್ ಹೊಡೆದರೆ ಲೆಕ್ಕಕ್ಕಿಲ್ಲ ಅಂತ. ನನ್ನ ಪಕ್ಕ ನಿಂತ ನಮ್ಮವನೇ ಒಬ್ಬ ತಲೆ ಚಚ್ಚಿಕೊಂಡು 'ಅಯ್ಯೋ ಆಫ್‌ಸೈಡ್ ಕಣಲೇ, ಈ ಕಡೆ ಬಾರೋ' ಅಂತ ಕೂಗಿದ. ಎರಡೂ ಕಾಲು ನೆಲದಲ್ಲಿ, ಬಾಲ್ ತಲೆ ಹಿಂದಿನಿಂದ, ಉದ್ದಕ್ಕೆ ಬಂತು. ಸ್ಟ್ರೈಕರ್ ಎದೆಯಲ್ಲಿ ತೆಗೆದುಕೊಂಡು ಬಲಗಾಲಲ್ಲಿ ತಳ್ಳಿದ. ಗೋಲ್. ಲೈನ್ಸ್‌ಮನ್ ಬಾವುಟ ಎತ್ತಲೇ ಇಲ್ಲ. ಯಾಕೆ ಎತ್ತಬೇಕು? ಥ್ರೋನಿಂದ ನೇರವಾಗಿ ಬಂದ ಬಾಲಿಗೆ ಆಫ್‌ಸೈಡ್ ಇಲ್ಲ. ರೂಲ್ ಪುಸ್ತಕದಲ್ಲಿ ಇರೋದು, ಎದುರಾಳಿಗೂ ನಮಗೂ ನೆನಪಿರಲಿಲ್ಲ, ಕೋಚ್‌ಗೆ ನೆನಪಿತ್ತು. ಅದನ್ನು ಸೆಪ್ಟೆಂಬರ್‌ನಿಂದ ವಾರಕ್ಕೆರಡು ದಿನ ಆಡಿಸಿದ್ದಾರೆ. ನಾನು ನೋಡಿದ್ದೆ, ಸುಮ್ನೆ ಟೈಮ್ ಪಾಸ್ ಅಂದುಕೊಂಡಿದ್ದೆ.

1-0. ಮೂರು ವರ್ಷದ ಮೇಲೆ ಒಂದು ಗೆಲುವು. ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದೆವು, ಕೋಚ್ ಒಂದೇ ಮಿರ್ಚಿ ತಿಂದು ಟೀ ಕುಡಿದು ಹೋದರು.

ಮಾರನೇ ದಿನ 0-3. ಎದುರು ಟೀಮಿನಲ್ಲಿ ಯೂನಿವರ್ಸಿಟಿಗೆ ಆಡಿದವರು ಮೂವರು ಇದ್ದರು, ಸೋಲಬೇಕಾದ ಮ್ಯಾಚೇ. ಆದರೆ ಆ ಒಂದು ಸ್ಟಾರ್ ಹೋಗಿದ್ದು ಇಲ್ಲಿ. ನಮ್ಮ ಸ್ಟಾಪರ್, ಅದೇ ಕಿಂಡಿ ಹುಡುಗ, ಎರಡನೇ ಹಾಫ್ ಶುರುವಿನಲ್ಲೇ ಕಾಲು ಹಿಡಿದುಕೊಂಡು ಕೂತ. ಕ್ರ್ಯಾಂಪ್. ಬೆಂಚಿನಲ್ಲಿ ನಾಲ್ಕು ಜನ ಇದ್ದರು. ಕೋಚ್ ಬದಲಾಯಿಸಲಿಲ್ಲ. ಎರಡನೇ ಗೋಲ್ ಅವನ ಪಕ್ಕದಿಂದಲೇ ಹೋಯಿತು, ಮೂರನೇದೂ ಅವನ ಪಕ್ಕದಿಂದಲೇ. ಆಮೇಲೆ ತೆಗೆದರು. ಕೇಳಿದರೆ 'ಅವನೇ ಆಡ್ತೀನಿ ಅಂದ' ಅಂತ. ಹುಡುಗ ಆಡ್ತೀನಿ ಅಂತಾನೇ ಹೇಳೋದು ಸರ್, ದುರ್ಗದ ಮಾತು ಅವನ ತಲೆಯಲ್ಲಿ ಇನ್ನೂ ಇತ್ತು. ಹೊರಗೆ ಕರೆಯೋದು ನಿಮ್ಮ ಕೆಲಸ. ಐದು ತಿಂಗಳಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಅದೊಂದಕ್ಕೇ.

ಗ್ರೂಪಿನಲ್ಲಿ ಈಗ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿ, ಕಪ್ ಬರಲಿಲ್ಲ, ದುಡ್ಡು ದಂಡ. ಇವರಲ್ಲಿ ಮುಕ್ಕಾಲು ಪಾಲು ಆರ್‌ಸಿಬಿ ಭಕ್ತರು. 2008ರಿಂದ 2025ರ ಜೂನ್ ತನಕ ಹದಿನೆಂಟು ಸೀಸನ್ ಕಾದವರು, ಮೊಟ್ಟೆ ಬಾಳೆಹಣ್ಣು ತಿಂದು ಆಡುವ ಹುಡುಗರಿಗೆ ಐದೇ ತಿಂಗಳು! ಅಷ್ಟೇಕೆ, ರಾಜ್ಯ ರಾಜ್ಯಗಳ ಟೀಮು ಆಡುವ ಫುಟ್‌ಬಾಲ್ ಟೂರ್ನಮೆಂಟ್ ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ ಅಂತ ಹೆಸರಿದ್ದಾಗ 1968-69ರಲ್ಲಿ ಗೆದ್ದ ಮೇಲೆ ಕರ್ನಾಟಕಕ್ಕೆ ಮತ್ತೆ ಕಪ್ ಸಿಕ್ಕಿದ್ದು 54 ವರ್ಷಕ್ಕೆ, 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2. ಬೆಂಗಳೂರಿನ ಅಷ್ಟೊಂದು ಕ್ಲಬ್ಬುಗಳನ್ನು ಇಟ್ಟುಕೊಂಡು 54 ವರ್ಷ. ನಾವು ಒಂದು ಟೆಂಪೋ, ಆರು ಬಾಲ್ ಇಟ್ಟುಕೊಂಡು ನವೆಂಬರ್‌ಗೇ ಬೇಕು ಅಂದೆವು.

ಇನ್ನೊಂದು ಪಾರ್ಟಿಯವರು ಕೋಚ್ ದೇವರು ಅನ್ನುತ್ತಾರೆ. ಅದೂ ಅಲ್ಲ. ಫೋನ್ ಎತ್ತದ ದೇವರನ್ನು ಕಟ್ಟಿಕೊಂಡು ಏನು ಮಾಡೋದು?

ನನ್ನ ಲೆಕ್ಕ ಬೇರೆ. ಎರಡು ಮ್ಯಾಚ್ ಆಡ್ತೀವಿ ಅಂದರು, ಎರಡು ಮ್ಯಾಚ್ ಆಡಿಸಿದರು. ಹೇಳಿದ್ದನ್ನು ಹೇಳಿದ ಹಾಗೆ ಕೊಟ್ಟ ಇನ್ನೊಂದು ಸೇವೆ ಈಚೆಗೆ ನಾನು ನೋಡಿಲ್ಲ, ನಮ್ಮ ಮನೆಗೆ ಬರುವ ಪ್ಲಂಬರ್ 'ಅರ್ಧ ಗಂಟೆ ಅಣ್ಣಾ' ಅಂದು ಗುರುವಾರ ಬರುತ್ತಾನೆ. ಇನ್ನೆರಡು ವರ್ಷ ಇವರನ್ನೇ ಇಟ್ಟುಕೊಳ್ಳಬೇಕು ಅನ್ನೋದು ನನ್ನ ಓಟು. ಈ ವರ್ಷದ ಟೀಮಿನಲ್ಲಿ ಫೈನಲ್ ಇಯರ್‌ನವರು ನಾಲ್ಕೇ ಜನ, ಉಳಿದವರು ಮತ್ತೆ ಸಿಗುತ್ತಾರೆ. ಎರಡು ಕಂಡೀಷನ್: ತಿಂಗಳಿಗೊಮ್ಮೆ ಗ್ರೂಪಿಗೆ ಹತ್ತು ಸಾಲು ಬರೆಯಬೇಕು, ಮತ್ತೆ ಕಾಲು ಹಿಡಿದುಕೊಂಡ ಹುಡುಗನನ್ನು ಕೇಳದೆ ಹೊರಗೆ ಕರೆಯಬೇಕು. ಗ್ರೂಪಿನ ಹೆಸರೂ ಬದಲಾಯಿಸಿ ಅಂತ ಅಡ್ಮಿನ್‌ಗೆ ಹೇಳಿದ್ದೇನೆ, ಇನ್ನೂ ಮಾಡಿಲ್ಲ.

ಸಂಬಳ, ಮೊಟ್ಟೆ, ಟೆಂಪೋ, ಬಾಲ್, ನೆಟ್ ಎಲ್ಲ ಕಳೆದು ಮಿಕ್ಕಿದ್ದು 1,060 ರೂಪಾಯಿ. ಅದರಲ್ಲಿ ಕೀಪರ್‌ಗೆ ಒಂದು ಜೊತೆ ಗ್ಲೌಸ್ ಬರುತ್ತದಾ ಅಂತ ಕೇಳೋಣ ಅಂದುಕೊಂಡು ನಿನ್ನೆ ಕೋಚ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ನಾಳೆ ಆರು ಗಂಟೆಗೆ ಮೈದಾನಕ್ಕೇ ಹೋಗಬೇಕು.