ಕಠ್ಮಂಡುವಿನಲ್ಲಿ ಸ್ವಯಂಸೇವೆ: ಹಾಸ್ಟೆಲ್ಲೋ, ಹೋಂಸ್ಟೇಯೋ?

ಕಠ್ಮಂಡುವಿಗೆ ಸ್ವಯಂಸೇವೆಗೆಂದು ಒಬ್ಬರೇ ಹೊರಟವರ ಮುಂದೆ ಕಡಿಮೆ ಖರ್ಚಿನ ಎರಡು ದಾರಿಗಳಿವೆ: ಪ್ರವಾಸಿಗರ ಬಡಾವಣೆಯಾದ ಥಮೇಲ್‌ನ ಹಾಸ್ಟೆಲ್ ಡಾರ್ಮಿಟರಿ, ಇಲ್ಲವೇ ಪಕ್ಕದ ಊರಾದ ಪಾಟನ್ ಕಡೆಯ ಹೋಂಸ್ಟೇ. ಬರೀ ಹಾಸಿಗೆಯ ಬಾಡಿಗೆ ನೋಡಿದರೆ ಸಾಮಾನ್ಯವಾಗಿ ಡಾರ್ಮಿಟರಿಯೇ ಅಗ್ಗ. ಆದರೆ ಊಟವನ್ನೆಲ್ಲ ಪ್ರವಾಸಿಗರ ಬೀದಿಯ ದರದಲ್ಲಿ ಕೊಳ್ಳಬೇಕಾಗುವುದರಿಂದ, ತಿಂಗಳುಗಟ್ಟಲೆ ಇರುವವರಿಗೆ ಆ ಉಳಿತಾಯ ಕರಗಿಹೋಗುತ್ತದೆ. ಹೋಂಸ್ಟೇಯಲ್ಲಾದರೆ ಬೆಳಗಿನ ಹತ್ತರ ಸುಮಾರಿಗೊಮ್ಮೆ, ರಾತ್ರಿಯೊಮ್ಮೆ ಮನೆಯವರೊಂದಿಗೆ ದಾಲ್‌ಭಾತ್ ಸಿಗುವುದುಂಟು. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿಗೆ ಒಗ್ಗಿದ ನಮ್ಮವರಿಗೆ ಇದರಲ್ಲಿ ತಕರಾರಿರಲಾರದು. ಜೊತೆಗಾರರು ಮತ್ತು ತಡರಾತ್ರಿಯ ಓಡಾಟ ಬೇಕಿದ್ದವರಿಗೆ ಹಾಸ್ಟೆಲ್ ಸರಿ. ಚಳಿಗಾಲದಲ್ಲಿ ಎರಡೂ ಕಡೆ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಅಪರೂಪವಾದ್ದರಿಂದ, ಬಿಸಿನೀರು, ಹೊದಿಕೆಗಳ ಬಗ್ಗೆ ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ಮೊದಲ ಒಂದೆರಡು ರಾತ್ರಿ ಹಾಸ್ಟೆಲ್ಲಿನಲ್ಲಿದ್ದು, ಕೆಲಸದ ಜಾಗಕ್ಕೆ ನಡೆದೇ ಹೋಗಬಹುದಾದ ಮನೆಯೊಂದನ್ನು ಕಣ್ಣಾರೆ ನೋಡಿ ಗೊತ್ತುಮಾಡಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.